ಕ್ಲಬ್ಬಿನ ಹಗ್ಗ: ತಪಾಸಣೆ, ತೊಳೆತ, ನಿವೃತ್ತಿ

ಬಂಡೆ ಹತ್ತಲು ಬಳಸುವ ಸ್ವಂತ ಹಗ್ಗದ ಚರಿತ್ರೆ ಅದರ ಒಡೆಯನಿಗೆ ಗೊತ್ತಿರುತ್ತದೆ. ಕ್ಲಬ್ಬಿನ ಹಗ್ಗ ಹಾಗಲ್ಲ. ಈ ಭಾನುವಾರ ರಾಮನಗರದ ಗ್ರಾನೈಟ್, ಮುಂದಿನ ವಾರ ಬಾದಾಮಿಯ ಮರಳುಗಲ್ಲು, ನಡುವೆ ಯಾರದೋ ಕಾರಿನ ಡಿಕ್ಕಿ. ಆದ್ದರಿಂದ ಹಗ್ಗಕ್ಕಿಂತ ಮೊದಲು ಒಂದು ನೋಟ್‌ಬುಕ್ ತನ್ನಿ.

ಪ್ರತಿ ಹಗ್ಗಕ್ಕೂ ಒಂದು ನಂಬರು. ಅದನ್ನು ತುದಿಗೆ ಸುತ್ತಿದ ಟೇಪಿನ ಮೇಲೆ ಬರೆಯಿರಿ. ಮಾರ್ಕರ್ ಶಾಯಿಯ ದ್ರಾವಕ ನೈಲಾನನ್ನು ದುರ್ಬಲಗೊಳಿಸಬಹುದು, ಹಾಗಾಗಿ ಹಗ್ಗದ ಮೇಲೆ ನೇರವಾಗಿ ಬೇಡ. ಪುಸ್ತಕದಲ್ಲಿ ತಯಾರಾದ ವರ್ಷ, ಮೊದಲು ಬಳಸಿದ ದಿನ, ಆಮೇಲೆ ಪ್ರತಿ ಸಲ ಹೋದ ಜಾಗ, ಹತ್ತಿದವರೆಷ್ಟು ಜನ, ಲೀಡ್ ಮಾಡುವಾಗ (ಕೆಳಗಿನಿಂದ ಹಗ್ಗ ಒಯ್ಯುತ್ತ ಮೊದಲು ಹತ್ತುವಾಗ) ಯಾರಾದರೂ ದೊಡ್ಡದಾಗಿ ಬಿದ್ದರೇ ಎಂಬುದು ಇರಲಿ. ಬರೀ ‘ಓಕೆ’ ಎಂದು ಸಹಿ ಹಾಕಿದ ಸಾಲು ಯಾವ ಕೆಲಸಕ್ಕೂ ಬಾರದು. ಹಗ್ಗ ಹಾಳು ಮಾಡಿದವರಿಗೆ ದಂಡ ಹಾಕುವ ಕ್ಲಬ್ಬಿನಲ್ಲಿ ಬಿದ್ದದ್ದನ್ನು ಯಾರೂ ಬರೆಯುವುದಿಲ್ಲ, ದಂಡ ತೆಗೆದುಹಾಕಿ.

ತಪಾಸಣೆಗೆ ಒಳ್ಳೆಯ ಬೆಳಕು ಬೇಕು, ಕೈಗವಸು ಬೇಡ. ಹಗ್ಗವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ನಿಧಾನವಾಗಿ ಎಳೆಯಿರಿ. ಪ್ರತಿ ಅಡಿಗೂ ಸಣ್ಣ ಕುಣಿಕೆಯಂತೆ ಬಾಗಿಸಿ ನೋಡಿ. ಸರಿಯಿದ್ದರೆ ಬಾಗು ದುಂಡಗಿರುತ್ತದೆ. ಒಂದು ಕಡೆ ಚಪ್ಪಟೆಯಾಗಿ ಮಡಿಚಿಕೊಂಡರೆ, ಅಥವಾ ಒಳಗೆ ಟೊಳ್ಳು, ಗಂಟು ಸಿಕ್ಕರೆ ತಿರುಳಿಗೇ ಪೆಟ್ಟಾಗಿದೆ. ಹೊದಿಕೆಯ ಮೇಲೆ ನವಿರಾದ ನಾರೆದ್ದರೆ ಗಾಬರಿ ಬೇಡ, ಗ್ರಾನೈಟಿನಲ್ಲಿ ಅದು ಸಹಜ. ಬಿಳಿ ತಿರುಳು ಇಣುಕಿದರೆ, ಹೊದಿಕೆ ಕರಗಿ ಗಾಜಿನಂತೆ ಗಟ್ಟಿಯಾಗಿದ್ದರೆ ಅಲ್ಲಿಗೆ ಮುಗಿಯಿತು.

ಎಲ್ಲಕ್ಕಿಂತ ಕೆಟ್ಟದ್ದು ಬ್ಯಾಟರಿ ಆಸಿಡ್. ಹೊರಗೆ ಏನೂ ಕಾಣದೆ ನೈಲಾನ್ ಸತ್ತಿರುತ್ತದೆ. ಇನ್ವರ್ಟರ್ ಬ್ಯಾಟರಿ ಸಾಗಿಸಿದ ಡಿಕ್ಕಿಯಲ್ಲಿ ಹಗ್ಗದ ಚೀಲ ಇಡಬೇಡಿ. ಆಸಿಡ್ ತಾಗಿರಬಹುದೆಂಬ ಅನುಮಾನ ಬಂದರೂ ಸಾಕು, ಆ ಹಗ್ಗ ಹೋಯಿತೆಂದೇ ಲೆಕ್ಕ.

ಬಾದಾಮಿಯಿಂದ ಬಂದ ಹಗ್ಗ ಕೈಗೆ ಒರಟೆನಿಸಿದರೆ ತೊಳೆಯಿರಿ. ಹೊದಿಕೆಯೊಳಗೆ ಸೇರಿದ ಮರಳು ಎಳೆಗಳನ್ನು ಒಳಗಿಂದಲೇ ಕೊಯ್ಯುತ್ತದೆ, ಹತ್ತುವವರ ಹಗ್ಗವನ್ನು ಜೊತೆಗಾರರು ಹಿಡಿದು ತಡೆಯುವ ಬಿಲೇ ಸಾಧನವನ್ನೂ ಸವೆಸುತ್ತದೆ. ಮೇಘಾಲಯದ ಗುಹೆಗಳಿಗೆ ಹೋಗಿಬಂದ ಸ್ಟ್ಯಾಟಿಕ್ (ಹೆಚ್ಚು ಹಿಗ್ಗದ) ಹಗ್ಗದ ಕೆಸರನ್ನು ಒಣಗಲು ಬಿಡದೆ ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಹಗ್ಗವನ್ನು ಸರಪಳಿ ಹೆಣೆದು ದೊಡ್ಡ ಟಬ್ಬಿಗೆ ಹಾಕಿದರೆ ಸಿಕ್ಕಾಗುವುದಿಲ್ಲ. 30 ಡಿಗ್ರಿಗಿಂತ ಬಿಸಿಯಾಗದ ನೀರು, ಸ್ವಲ್ಪ ಸೌಮ್ಯ ಸಾಬೂನು, ಅರ್ಧ ಗಂಟೆ ನೆನೆಸು. ಬ್ಲೀಚ್ ಖಂಡಿತ ಬೇಡ. ನೀರು ತಿಳಿಯಾಗುವವರೆಗೆ ಜಾಲಾಡಿ, ಟೆರೇಸಿನ ಬಿಸಿಲಿಗೆ ಹಾಕದೆ ಕೋಣೆಯೊಳಗೆ ಹರವಿ. ಪೂರ್ತಿ ಒಣಗಲು ಎರಡು ಮೂರು ದಿನ ಬೇಕು. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಇಡುವುದು ಬಟ್ಟೆ ಚೀಲದಲ್ಲಿ, ಇಲಿಗೆ ಸಿಗದಂತೆ ಎತ್ತರದಲ್ಲಿ.

ಒಣಗಿದ ಮೇಲೆ ಅಳೆಯಿರಿ. 60 ಮೀಟರಿನದು ಎರಡು ಮೂರು ಮೀಟರ್ ಕುಗ್ಗಿರಬಹುದು. ಸವೆದ ತುದಿ ಕತ್ತರಿಸುವುದಾದರೆ ಎರಡೂ ಕಡೆ ಸಮನಾಗಿ ಕತ್ತರಿಸಿ, ಇಲ್ಲದಿದ್ದರೆ ಮಧ್ಯದ ಗುರುತು ಸುಳ್ಳು ಹೇಳುತ್ತದೆ. ಹೊಸ ಉದ್ದವನ್ನು ಟೇಪಿನ ಮೇಲೆ ಬರೆಯಿರಿ. ಕುಗ್ಗಿದ್ದು ಗೊತ್ತಿಲ್ಲದೆ ಇಳಿಸುವಾಗ ಹಗ್ಗ ಸಾಲದೆ, ಅದರ ತುದಿ ಬಿಲೇ ಸಾಧನದಿಂದ ಜಾರಿಹೋಗಿ ಹತ್ತಿದವರು ಕೆಳಗೆ ಬೀಳುವುದು ಹೀಗೆಯೇ. ಬಿಲೇಯವರ ಕಡೆಯ ತುದಿಗೆ ಯಾವಾಗಲೂ ಗಂಟಿರಲಿ.

ಟಾಪ್‌ರೋಪಿನಲ್ಲಿ, ಅಂದರೆ ಮೇಲಿನಿಂದ ಇಳಿಬಿಟ್ಟ ಹಗ್ಗದಲ್ಲಿ ಹತ್ತುವಾಗ, ಹಗ್ಗ ಹಾಳಾಗುವುದು ಬಂಡೆಯ ಅಂಚಿನಲ್ಲಿ. ಆಂಕರನ್ನು (ಹಗ್ಗ ತೂಗುವ ಆಧಾರವನ್ನು) ಸ್ಟ್ಯಾಟಿಕ್ ಹಗ್ಗದಿಂದ ಅಂಚು ದಾಟಿಸಿ ಇಳಿಬಿಡಿ, ಅಂಚಿನಲ್ಲಿ ಆ ಸ್ಟ್ಯಾಟಿಕ್ ಹಗ್ಗದ ಕೆಳಗೆ ದಪ್ಪ ಗೋಣಿಚೀಲ ಹಾಕಿ. ಚೀಲಕ್ಕೆ ಅದರದೇ ದಾರ ಕಟ್ಟದಿದ್ದರೆ ಮೂರನೆಯವರು ಹತ್ತುವಷ್ಟರಲ್ಲಿ ಅದು ಜಾರಿರುತ್ತದೆ.

ವಾರವಾರ ದುಡಿಯುವ ಹಗ್ಗಕ್ಕೆ ಒಂದು ವರ್ಷ ಆಯುಸ್ಸು ಬಂದರೆ ಸರಿ. ಬಳಸದೆ ಇಟ್ಟದ್ದನ್ನೂ ತಯಾರಾಗಿ 10 ವರ್ಷವಾದ ಮೇಲೆ ನಿವೃತ್ತಿ ಮಾಡಿ. ನಿವೃತ್ತ ಹಗ್ಗವನ್ನು ಇಡಿಯಾಗಿ ಇಟ್ಟರೆ ಯಾರಾದರೂ ಒಂದು ದಿನ ಬೆಟ್ಟಕ್ಕೆ ಒಯ್ದೇ ಒಯ್ಯುತ್ತಾರೆ. ಅದೇ ದಿನ ಎರಡೆರಡು ಮೀಟರಿನ ತುಂಡು ಮಾಡಿ, ಹೊಸಬರಿಗೆ ಗಂಟು ಕಲಿಯಲು ಕೊಡಿ.