ಶಾಲಾ ಬಸ್ ಹತ್ತಿ ಇಳಿಯುವಾಗ ಮಕ್ಕಳಿಗೆ ಪೆಟ್ಟಾಗದಂತೆ ನೋಡಿಕೊಳ್ಳುವುದು ಹೇಗೆ?

ಶಾಲಾ ಬಸ್ಸಿನ ಅಪಾಯ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಡಿಕ್ಕಿ ಹೊಡೆದ ಅಥವಾ ಪಲ್ಟಿಯಾದ ಬಸ್ಸು. ಆಸ್ಪತ್ರೆಯ ದಾಖಲೆಗಳು ಹೇಳುವ ಕಥೆ ಮಾತ್ರ ಇಷ್ಟು ಸರಳವಾಗಿಲ್ಲ. ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆ ‘ಪೀಡಿಯಾಟ್ರಿಕ್ಸ್’ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, 2001ರಿಂದ 2003ರವರೆಗಿನ ಮೂರು ವರ್ಷಗಳಲ್ಲಿ ಆ ದೇಶದ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳಿಗೆ ಶಾಲಾ ಬಸ್ಸಿಗೆ ಸಂಬಂಧಿಸಿದ ಗಾಯಗಳೊಂದಿಗೆ ಬಂದ ಮಕ್ಕಳು ಮತ್ತು ಹದಿಹರೆಯದವರ ಅಂದಾಜು ಸಂಖ್ಯೆ ಸುಮಾರು 51,000. ಅಂದರೆ ವರ್ಷಕ್ಕೆ ಹದಿನೇಳು ಸಾವಿರದಷ್ಟು. ಅವುಗಳಲ್ಲಿ ರಸ್ತೆ ಅಪಘಾತದಿಂದ ಆದವು ಶೇ 42ರಷ್ಟು. ಬಸ್ಸಿನತ್ತ ಬರುವಾಗ, ಹತ್ತುವಾಗ ಮತ್ತು ಇಳಿಯುವಾಗ ಆದವು ಶೇ 24ರಷ್ಟು. ಗಾಯಗೊಂಡವರಲ್ಲಿ ಶೇ 97ರಷ್ಟು ಮಂದಿ ಚಿಕಿತ್ಸೆ ಪಡೆದು ಮನೆಗೆ ಮರಳಿದರು ಎಂಬುದು ಸಮಾಧಾನದ ಸಂಗತಿ.

ಡಿಕ್ಕಿಯನ್ನು ತಪ್ಪಿಸುವುದು ಬಹುಮಟ್ಟಿಗೆ ಚಾಲಕನ, ರಸ್ತೆಯ ಮತ್ತು ಎದುರಿಗೆ ಬರುವ ವಾಹನದ ಕೈಯಲ್ಲಿದೆ. ಆದರೆ ನಾಲ್ಕರಲ್ಲಿ ಒಂದರಷ್ಟು ಗಾಯಗಳು ಬಸ್ಸಿನ ಬಾಗಿಲ ಆಸುಪಾಸಿನಲ್ಲೇ ಆಗುತ್ತವೆ ಎಂದಾದರೆ, ಅವನ್ನು ತಡೆಯಲು ಪೋಷಕರು ಮತ್ತು ಶಾಲೆಯವರು ಮಾಡಬಹುದಾದದ್ದು ಸಾಕಷ್ಟಿದೆ. ಮಗು ಮನೆಯಿಂದ ಹೊರಟು ಮರಳಿ ಬರುವವರೆಗಿನ ಕ್ರಮದಲ್ಲೇ ಅದನ್ನು ನೋಡೋಣ.

ಹಂತ 1: ಹೊರಡುವ ಮುನ್ನ ನೇತಾಡುವುದೆಲ್ಲವನ್ನೂ ಗಮನಿಸಿ

ಬ್ಯಾಗಿನ ಉದ್ದನೆಯ ಪಟ್ಟಿ, ಜಾಕೆಟ್ಟಿನ ಟೋಪಿಗೆ ಪೋಣಿಸಿದ ದಾರ, ಕುತ್ತಿಗೆಗೆ ಸುತ್ತಿದ ಸ್ಕಾರ್ಫ್, ಬ್ಯಾಗಿಗೆ ಸಿಕ್ಕಿಸಿದ ಕೀ ಚೈನು, ಕಟ್ಟದ ಶೂ ಲೇಸು ಇವೆಲ್ಲ ನೋಡಲು ಸಣ್ಣ ಸಂಗತಿಗಳೇ. ಆದರೆ ಅಮೆರಿಕದಲ್ಲಿ 1990ರ ದಶಕದಲ್ಲಿ, ಇಳಿಯುತ್ತಿದ್ದ ಮಕ್ಕಳ ಬಟ್ಟೆಯ ದಾರ ಬಸ್ಸಿನ ಹಿಡಿಕಂಬಿಯ ಸಂದಿಗೆ ಸಿಕ್ಕಿಕೊಂಡು, ಅದನ್ನು ಅರಿಯದೆ ಚಾಲಕ ಬಸ್ಸನ್ನು ಮುಂದಕ್ಕೆ ಬಿಟ್ಟಾಗ ಮಕ್ಕಳು ಸತ್ತ ಘಟನೆಗಳು ನಡೆದವು. ಆ ಬಳಿಕ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 1996ರಲ್ಲಿ ಮಕ್ಕಳ ಮೇಲುಡುಪಿನ ದಾರಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ದೋಷವಿದ್ದ ಹಿಡಿಕಂಬಿಗಳನ್ನು ಬದಲಾಯಿಸಲಾಯಿತು.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ: ಟೋಪಿಯ ದಾರವನ್ನು ಎಳೆದು ತೆಗೆದುಹಾಕಿ, ಬ್ಯಾಗಿನ ಪಟ್ಟಿಯ ಹೆಚ್ಚುವರಿ ತುದಿಯನ್ನು ಒಳಗೆ ಮಡಚಿ ಸಿಕ್ಕಿಸಿ, ಲೇಸು ಕಟ್ಟಿ, ಕೈಯಲ್ಲಿ ಹಿಡಿಯುವ ವಸ್ತುಗಳನ್ನೆಲ್ಲ ಬ್ಯಾಗಿನೊಳಗೆ ಹಾಕಿ. ಒಂದು ಕೈಯಾದರೂ ಖಾಲಿ ಇರದ ಮಗು ಕಂಬಿಯನ್ನು ಹಿಡಿಯಲಾರದು.

ಶಾಲೆಯವರು ಮಾಡಬಹುದಾದ ಪರೀಕ್ಷೆಯೊಂದಿದೆ. ಸುಮಾರು ಒಂದು ಗಜ ಉದ್ದದ ತೆಳ್ಳನೆಯ ದಾರದ ತುದಿಗೆ ಮುಕ್ಕಾಲು ಅಂಗುಲ ಅಗಲದ ಕಬ್ಬಿಣದ ನಟ್ ಒಂದನ್ನು ಕಟ್ಟಿ, ಬಾಗಿಲಿನ ಹಿಡಿಕಂಬಿ ಬಸ್ಸಿನ ಗೋಡೆಗೆ ಸೇರುವ ಕಡೆ ಒಳಬದಿಯಲ್ಲಿ ಇಳಿಬಿಡಬೇಕು. ಬಳಿಕ ಮೆಟ್ಟಿಲು ಇಳಿಯುವ ಮಗುವಿನ ಬಟ್ಟೆ ಸಾಗುವ ರೀತಿಯಲ್ಲೇ ದಾರವನ್ನು ಮೆಲ್ಲಗೆ ಬಾಗಿಲಿನ ಹೊರಕ್ಕೆ ಎಳೆಯಬೇಕು. ನಟ್ ಎಲ್ಲಾದರೂ ಸಿಕ್ಕಿ ನಿಂತರೆ ಮಗುವಿನ ಬ್ಯಾಗಿನ ಪಟ್ಟಿಯೂ ಅಲ್ಲಿ ಸಿಕ್ಕಿ ನಿಲ್ಲಬಹುದು ಎಂದರ್ಥ; ಆ ಕಂಬಿಯನ್ನು ಸರಿಪಡಿಸುವವರೆಗೆ ಬಸ್ಸನ್ನು ಓಡಿಸಬಾರದು. ಐದು ನಿಮಿಷವೂ ಹಿಡಿಯದ ಕೆಲಸವಿದು.

ಹಂತ 2: ನಿಲ್ದಾಣದಲ್ಲಿ ದೂರ ಕಾಯ್ದುಕೊಳ್ಳಿ

ಬಸ್ ಬರುವ ಐದು ನಿಮಿಷ ಮೊದಲೇ ನಿಲ್ದಾಣದಲ್ಲಿರಬೇಕು. ತಡವಾದ ಮಗು ಓಡುತ್ತದೆ, ಓಡುವ ಮಗು ಬಸ್ಸನ್ನು ಮಾತ್ರ ನೋಡುತ್ತದೆ, ರಸ್ತೆಯನ್ನು ನೋಡುವುದಿಲ್ಲ. ಕಾಯುವಾಗ ರಸ್ತೆಯ ಅಂಚಿನಿಂದ ಕಡೇಪಕ್ಷ ಮೂರು ದೊಡ್ಡ ಹೆಜ್ಜೆ ಹಿಂದೆ ನಿಲ್ಲಬೇಕು. ಬಸ್ ಪೂರ್ತಿ ನಿಂತು, ಬಾಗಿಲು ತೆರೆದು, ಚಾಲಕ ಅಥವಾ ಸಹಾಯಕರು ಬಾ ಎಂದ ಮೇಲಷ್ಟೇ ಮುಂದಡಿ ಇಡಬೇಕು. ಸಾಲಿನಲ್ಲಿ ತಳ್ಳಾಡುವ ಹುಡುಗರಿಗೆ ಇದನ್ನು ಒಮ್ಮೆ ಹೇಳಿದರೆ ಸಾಲದು. ನಿಲ್ದಾಣದಲ್ಲಿ ದೊಡ್ಡವರೊಬ್ಬರು ಸರದಿಯ ಮೇಲೆ ನಿಲ್ಲುವ ಏರ್ಪಾಡನ್ನು ಪೋಷಕರೇ ಮಾಡಿಕೊಳ್ಳುವುದು ಒಳ್ಳೆಯದು.

ಹಂತ 3: ಕೂರುವ ರೀತಿಯನ್ನೂ ಕಲಿಸಿ

ಅಮೆರಿಕದಲ್ಲಿ 1977ರ ಏಪ್ರಿಲ್‌ನಿಂದ ದೊಡ್ಡ ಶಾಲಾ ಬಸ್ಸುಗಳ ಆಸನಗಳಿಗೆ ವಿಶೇಷ ನಿಯಮವೊಂದು ಜಾರಿಯಲ್ಲಿದೆ. ಎತ್ತರದ ಬೆನ್ನಿರುವ, ಮೆತ್ತೆ ಹೊದಿಸಿದ ಆಸನಗಳನ್ನು ಒಂದಕ್ಕೊಂದು ಹತ್ತಿರವಾಗಿ ಜೋಡಿಸಿದರೆ, ಬಸ್ ಎದುರಿನಿಂದ ಡಿಕ್ಕಿ ಹೊಡೆದಾಗ ಮುಂದಕ್ಕೆ ಎಸೆಯಲ್ಪಟ್ಟ ಮಗು ಮುಂದಿನ ಆಸನದ ಮೆತ್ತನೆಯ ಬೆನ್ನಿಗೆ ತಾಗಿ ನಿಲ್ಲುತ್ತದೆ ಎಂಬುದು ಅದರ ಹಿಂದಿನ ಲೆಕ್ಕಾಚಾರ. ಈ ರಕ್ಷಣೆ ಫಲಿಸಬೇಕಾದರೆ ಮಗು ಮುಂದಕ್ಕೆ ಮುಖ ಮಾಡಿ, ಬೆನ್ನನ್ನು ಆಸನಕ್ಕೆ ತಾಗಿಸಿ ಕುಳಿತಿರಬೇಕು. ಹಿಂದಿನ ಸಾಲಿನವರೊಡನೆ ಮಾತಾಡಲು ಮೊಣಕಾಲೂರಿ ತಿರುಗಿ ಕುಳಿತ ಮಗುವಿಗೆ, ಕಾಲನ್ನು ನಡುವಿನ ಓಣಿಗೆ ಚಾಚಿ ಕುಳಿತವನಿಗೆ ಅಥವಾ ಇಳಿಯುವ ಆತುರದಲ್ಲಿ ಮೊದಲೇ ಎದ್ದು ನಿಂತವನಿಗೆ ಅದರಿಂದ ಪ್ರಯೋಜನವಿಲ್ಲ. ಅಂಥವರು ಬೀಳಲು ಡಿಕ್ಕಿಯೇ ಆಗಬೇಕೆಂದಿಲ್ಲ, ಜೋರಾಗಿ ಹಾಕಿದ ಒಂದು ಬ್ರೇಕ್ ಸಾಕು.

ಬಸ್ಸಿಗೆ ಪಕ್ಕದಿಂದ ಹೊಡೆತ ಬಿದ್ದಾಗ ಅಥವಾ ಅದು ಮಗುಚಿದಾಗ ಆಸನದ ಬೆನ್ನು ಹೆಚ್ಚೇನೂ ಕಾಪಾಡಲಾರದು. ಆದ್ದರಿಂದ ಬಸ್ಸಿನಲ್ಲಿ ಸೀಟ್ ಬೆಲ್ಟ್ ಇದ್ದರೆ ಕಟ್ಟಿಕೊಳ್ಳಲೇಬೇಕು. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲದೆ ಸೊಂಟದ ಮೂಳೆಯ ಮೇಲೆ, ತೊಡೆಗೆ ತಾಗಿಕೊಂಡಿರಬೇಕು. ಮೇಲಿನ ಪಟ್ಟಿ ಭುಜದಿಂದ ಎದೆಯ ನಡುಭಾಗಕ್ಕೆ ಹಾದುಬರಬೇಕು. ಚುಚ್ಚುತ್ತದೆ ಎಂದು ಅದನ್ನು ಕಂಕುಳ ಕೆಳಗೆ ಅಥವಾ ಬೆನ್ನ ಹಿಂದೆ ಸರಿಸಿಕೊಳ್ಳುವ ಅಭ್ಯಾಸವನ್ನು ಮೊದಲ ದಿನವೇ ತಿದ್ದಬೇಕು. ಕಿಟಕಿಯಿಂದ ಕೈ ಅಥವಾ ತಲೆ ಹೊರಹಾಕಬಾರದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಂತ 4: ಇಳಿದ ಮೇಲಿನ ಹತ್ತು ಅಡಿ

ಈ ಲೇಖನದಲ್ಲಿ ಒಂದೇ ಒಂದು ಹಂತವನ್ನು ಪಾಲಿಸಲು ಸಮಯವಿದ್ದರೆ ಇದನ್ನೇ ಆರಿಸಿಕೊಳ್ಳಿ. ಬಸ್ಸಿನ ಸುತ್ತ, ಎಲ್ಲ ದಿಕ್ಕಿಗೂ ಹತ್ತು ಅಡಿ, ಅಂದರೆ ಸುಮಾರು ಮೂರು ಮೀಟರಿನಷ್ಟು ಜಾಗವನ್ನು ಅಪಾಯದ ವಲಯ ಎನ್ನುತ್ತಾರೆ. ಎತ್ತರದಲ್ಲಿ ಕುಳಿತ ಚಾಲಕನಿಗೆ ಬಂಪರಿನ ಮುಂದೆ ನಿಂತ ಪುಟ್ಟ ಮಗು ಕಾಣದೇ ಹೋಗಬಹುದು. ಹಿಂದಿನ ಚಕ್ರದ ಬಳಿ ಇರುವ ಮಗು ಕನ್ನಡಿಯಲ್ಲಿ ಕಂಡರೂ ಕಂಡೀತು, ಕಾಣದೆಯೂ ಇದ್ದೀತು. ಇದನ್ನು ಮಾತಿನಲ್ಲಿ ವಿವರಿಸುವುದಕ್ಕಿಂತ ತೋರಿಸುವುದು ಮೇಲು. ಎಂಜಿನ್ ಆಫ್ ಮಾಡಿ ನಿಲ್ಲಿಸಿದ ಬಸ್ಸಿನಲ್ಲಿ ಮಕ್ಕಳನ್ನು ಒಬ್ಬೊಬ್ಬರಾಗಿ ಚಾಲಕನ ಆಸನದಲ್ಲಿ ಕೂರಿಸಿ, ಬಂಪರಿನ ಮುಂದೆ ಗೆಳೆಯನೊಬ್ಬನನ್ನು ನಿಲ್ಲಿಸಿ, ಅವನು ಎಷ್ಟು ಹೆಜ್ಜೆ ದೂರ ಸರಿದ ಮೇಲೆ ಕಾಣುತ್ತಾನೆ ಎಂದು ಎಣಿಸಲು ಹೇಳಿ. ತಾವೇ ಎಣಿಸಿದ ಲೆಕ್ಕವನ್ನು ಮಕ್ಕಳು ಮರೆಯುವುದಿಲ್ಲ. ಪೋಷಕರೂ ಒಮ್ಮೆ ಆ ಆಸನದಲ್ಲಿ ಕುಳಿತು ನೋಡಬೇಕು.

ಇಳಿಯುವ ಕ್ರಮ ಹೀಗಿರಲಿ: ಬಸ್ ಪೂರ್ತಿ ನಿಂತ ಮೇಲೆ ಏಳುವುದು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವುದು, ಕೊನೆಯ ಮೆಟ್ಟಿಲಲ್ಲಿ ನಿಂತು, ಬಸ್ಸಿಗೂ ಪಾದಚಾರಿ ಮಾರ್ಗಕ್ಕೂ ನಡುವೆ ಬೈಕ್ ನುಗ್ಗಿ ಬರುತ್ತಿದೆಯೇ ಎಂದು ಎರಡೂ ಕಡೆ ನೋಡುವುದು, ಇಳಿದ ಕೂಡಲೇ ಬಸ್ಸಿನಿಂದ ದೂರ ನಡೆಯುವುದು. ರಸ್ತೆ ದಾಟಬೇಕಾದ ಮಗು ಬಸ್ಸಿನ ಹಿಂಬದಿಯಿಂದ ಎಂದೂ ದಾಟಬಾರದು. ಮುಂದಿನಿಂದಲೂ ಬಂಪರಿಗೆ ಅಂಟಿಕೊಂಡು ದಾಟದೆ ಹತ್ತು ಅಡಿ ಮುಂದೆ ಹೋಗಿ, ಚಾಲಕನ ಮುಖ ನೋಡಿ, ಅವನು ಸನ್ನೆ ಮಾಡಿದ ಮೇಲೆ ಬಸ್ಸಿನ ಅಂಚಿನವರೆಗೆ ಬಂದು ಮತ್ತೊಮ್ಮೆ ನಿಂತು ನೋಡಬೇಕು. ಚಾಲಕನ ಸನ್ನೆಯೆಂದರೆ ಅವನು ಬಸ್ಸನ್ನು ಚಲಾಯಿಸುವುದಿಲ್ಲ ಎಂದಷ್ಟೇ ಅರ್ಥ. ಪಕ್ಕದಿಂದ ಹಿಂದಿಕ್ಕಿ ಬರುವ ವಾಹನಕ್ಕೆ ಅವನು ಜವಾಬ್ದಾರನಲ್ಲ. ಸಣ್ಣ ಮಗುವನ್ನು ಕರೆದೊಯ್ಯಲು ಬಂದ ಹಿರಿಯರು ರಸ್ತೆಯ ಆಚೆ ಬದಿಯಲ್ಲಿ ನಿಂತು ಕೈಬೀಸುವುದನ್ನು ಬಿಡಬೇಕು. ಅಮ್ಮನೋ ಅಜ್ಜನೋ ಕಂಡೊಡನೆ ಮಗು ಅತ್ತ ಓಡುತ್ತದೆ. ಬಾಗಿಲಿರುವ ಬದಿಯಲ್ಲೇ ಕಾದು ಕೈಹಿಡಿದುಕೊಳ್ಳಬೇಕು.

ಇನ್ನು ಕೈಜಾರಿ ಬಿದ್ದ ವಸ್ತುವಿನ ವಿಷಯ. ನೀರಿನ ಬಾಟಲಿ ಉರುಳಿ ಬಸ್ಸಿನಡಿ ಹೋದರೆ ಮಗು ಅದರ ಬೆನ್ನಿಗೇ ಬಗ್ಗುತ್ತದೆ, ಬಗ್ಗಿದ ಮಗು ಯಾವ ಕನ್ನಡಿಗೂ ಕಾಣುವುದಿಲ್ಲ. ಬಿದ್ದದ್ದನ್ನು ಎತ್ತಿಕೊಳ್ಳಬಾರದು, ಚಾಲಕನಿಗೋ ದೊಡ್ಡವರಿಗೋ ಹೇಳಬೇಕು ಎಂಬ ನಿಯಮ ಎಲ್ಲ ಮಕ್ಕಳಿಗೂ ಬಾಯಿಪಾಠವಾಗಿರುತ್ತದೆ. ಆದರೂ ಬಗ್ಗುತ್ತಾರೆ, ಏಕೆಂದರೆ ಬಾಟಲಿ ಕಳೆದುಕೊಂಡು ಬಂದರೆ ಮನೆಯಲ್ಲಿ ಬೈಗುಳ ಕಾದಿರುತ್ತದೆ. ಬಸ್ಸಿನ ಬಳಿ ಬಿದ್ದು ಹೋದ ಯಾವ ವಸ್ತುವಿಗೂ ಬೈಯುವುದಿಲ್ಲ ಎಂದು ಮೊದಲೇ ಮಾತು ಕೊಟ್ಟು, ಆ ಮಾತನ್ನು ಉಳಿಸಿಕೊಳ್ಳುವುದು ನಿಯಮದಷ್ಟೇ ಮುಖ್ಯ.

ಹದಿಹರೆಯದವರನ್ನು ಈ ಪಾಠದಿಂದ ಹೊರಗಿಡಬೇಡಿ. ಮೇಲೆ ಹೇಳಿದ ಅಧ್ಯಯನದಲ್ಲಿ ಗಾಯಗೊಂಡವರ ಪೈಕಿ 10ರಿಂದ 14 ವರ್ಷದವರೇ ಹೆಚ್ಚು, ಶೇ 43ರಷ್ಟು. ಹತ್ತು ವರ್ಷ ದಾಟಿದವರಲ್ಲಿ ಕಾಲಿನ ಗಾಯಗಳು ಎದ್ದು ಕಂಡರೆ, ಹತ್ತಕ್ಕಿಂತ ಕೆಳಗಿನವರಲ್ಲಿ ಅರ್ಧಕ್ಕೂ ಹೆಚ್ಚು ಗಾಯಗಳು ತಲೆಗೆ ಆದವು. ಸಣ್ಣ ಮಗುವಿಗೆ ಮೆಟ್ಟಿಲ ಮೇಲೆ ಕೈಯ ಆಸರೆ ಬೇಕು. ದೊಡ್ಡವನಿಗೆ ಕೊನೆಯ ಎರಡು ಮೆಟ್ಟಿಲುಗಳನ್ನು ಒಟ್ಟಿಗೆ ಹಾರಬೇಡ, ಇಯರ್‌ಫೋನ್ ತೆಗೆದು ಇಳಿ ಎಂಬ ಎಚ್ಚರಿಕೆ ಬೇಕು. ಆ ಅಧ್ಯಯನದಲ್ಲಿ ಗಾಯಗಳು ಅತಿ ಹೆಚ್ಚು ಕಂಡುಬಂದದ್ದು ಅಮೆರಿಕದ ಶಾಲಾ ವರ್ಷದ ಆರಂಭಕ್ಕೆ ಹೊಂದಿಕೊಂಡ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ಹೀಗಾಗಿ ಹತ್ತಿ ಇಳಿಯುವ ತಾಲೀಮನ್ನು ಶಾಲೆ ತೆರೆದ ಮೊದಲ ವಾರದಲ್ಲೇ ನಡೆಸುವುದು ಸರಿ.

ಹಂತ 5: ಕೊನೆಯ ಸಾಲಿನವರೆಗೆ ನಡೆದು ನೋಡಿ

ಎಲ್ಲರೂ ಇಳಿದರು ಎಂದುಕೊಂಡ ಮೇಲೆ ಚಾಲಕ ಅಥವಾ ಸಹಾಯಕರು ಹಿಂದಿನ ಸಾಲಿನವರೆಗೆ ನಡೆದು, ಪ್ರತಿ ಆಸನದ ಮೇಲೂ ಕೆಳಗೂ ನೋಡಬೇಕು. ನಿದ್ದೆಹೋದ ಮಗು ಆಸನದ ಬೆನ್ನಿನ ಮರೆಯಲ್ಲಿ ಕಾಣುವುದಿಲ್ಲ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ವಾಹನ ಬೇಗ ಕಾಯುತ್ತದೆ, ಮಕ್ಕಳ ಮೈ ದೊಡ್ಡವರಿಗಿಂತ ವೇಗವಾಗಿ ಬಿಸಿಯೇರುತ್ತದೆ. ಕೆಲವು ಬಸ್ಸುಗಳಲ್ಲಿ ಎಂಜಿನ್ ನಿಲ್ಲಿಸಿದೊಡನೆ ಅಲಾರಂ ಕೂಗುತ್ತದೆ. ಅದನ್ನು ನಿಲ್ಲಿಸುವ ಗುಂಡಿ ಬಸ್ಸಿನ ಹಿಂಬದಿಯಲ್ಲೇ ಇರುವುದರಿಂದ ಚಾಲಕ ಅಲ್ಲಿವರೆಗೆ ಹೋಗಲೇಬೇಕಾಗುತ್ತದೆ.

ಹಂತ 6: ಪೆಟ್ಟಾದರೆ

ಉಳುಕು, ತರಚು ಮತ್ತು ಬಾವುಗಳೇ ಹೆಚ್ಚಾಗಿ ಕಾಣುವ ಗಾಯಗಳು. ತರಚಿದ ಜಾಗವನ್ನು ಹರಿಯುವ ಶುದ್ಧ ನೀರಿನಲ್ಲಿ ತೊಳೆಯಿರಿ. ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆಯನ್ನು ಒತ್ತಿ ಹಿಡಿಯಿರಿ, ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಬೇಡಿ. ಉಳುಕಿದ ಕಾಲನ್ನು ಎತ್ತರದಲ್ಲಿಟ್ಟು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ಇಪ್ಪತ್ತು ನಿಮಿಷ ಇಡಿ, ಉಜ್ಜಬೇಡಿ, ಜಗ್ಗಬೇಡಿ. ಕಾಲೂರಲು ಆಗದಿದ್ದರೆ ಅಥವಾ ಆಕಾರ ಬದಲಾಗಿದ್ದರೆ ಎಕ್ಸ್‌ರೇ ಬೇಕಾಗುತ್ತದೆ.

ಮಗು ಕುತ್ತಿಗೆ ನೋವೆಂದರೆ ಅಥವಾ ಪ್ರಜ್ಞೆ ತಪ್ಪಿದ್ದರೆ ಎತ್ತಿಕೊಂಡು ಓಡಬೇಡಿ. ಇದ್ದಲ್ಲೇ ಅಲುಗದಂತೆ ಇರಿಸಿ, ಉಸಿರಾಟವನ್ನು ಗಮನಿಸುತ್ತ ಆಂಬುಲೆನ್ಸ್ ಕರೆಸಿ. ತಲೆಗೆ ಪೆಟ್ಟಾದ ಮಗು ಎದ್ದು ಆಟಕ್ಕೆ ಹೊರಟಿತು ಎಂದು ಸುಮ್ಮನಾಗುವಂತಿಲ್ಲ. ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದಷ್ಟು ಮಂಪರು, ತೊದಲು ಮಾತು, ಹೆಚ್ಚುತ್ತಲೇ ಹೋಗುವ ತಲೆನೋವು, ಎರಡು ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ, ಮೂಗು ಅಥವಾ ಕಿವಿಯಿಂದ ತಿಳಿನೀರು, ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಏನೂ ಕಾಣದಿದ್ದರೂ ಎರಡು ದಿನ ಕಣ್ಣಿಟ್ಟಿರಬೇಕು.

ಚಿಕಿತ್ಸೆಯಾದ ಮೇಲೆ ಶಾಲೆಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಡಿ: ಯಾವ ಬಸ್ಸು, ಯಾವ ಮೆಟ್ಟಿಲು, ಮಗುವಿನ ಕೈಯಲ್ಲಿ ಏನಿತ್ತು, ನೆಲ ಒದ್ದೆಯಾಗಿತ್ತೇ, ಬಸ್ ಪೂರ್ತಿ ನಿಂತಿತ್ತೇ. ಆಸ್ಪತ್ರೆಗೆ ಹೋಗದ ಸಣ್ಣ ಬೀಳುಗಳನ್ನೂ ಸೇರಿಸಿ. ಒಂದೇ ಬಸ್ಸಿನ ಒಂದೇ ಮೆಟ್ಟಿಲಲ್ಲಿ ಎರಡು ಮಕ್ಕಳು ಜಾರಿದ್ದರೆ ಮಕ್ಕಳಿಗೆ ಬುದ್ಧಿ ಹೇಳುವ ಮೊದಲು ಆ ಮೆಟ್ಟಿಲಿನ ಸವೆದ ರಬ್ಬರನ್ನು ಬದಲಾಯಿಸಬೇಕು.