ಪಿಕಪ್ ಬ್ಯಾಟರಿ ರಾತ್ರೋರಾತ್ರಿ ಇಳಿಯುತ್ತಿತ್ತು

ಹಾವೇರಿಯಿಂದ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ಯುವ ನನ್ನ ಹಳೆಯ ಪಿಕಪ್ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿರಲಿಲ್ಲ. ಸುಮ್ನೆ ಹೊಸ ಬ್ಯಾಟರಿ ಹಾಕಿಸಿದೆ. ಎರಡೇ ವಾರ, ಮತ್ತೆ ಅದೇ ಗೋಳು.

ವೋಲ್ಟ್, ಕರೆಂಟ್ ಅಳೆಯುವ ಮಲ್ಟಿಮೀಟರ್ ತಂದು ನೋಡಿದೆ. ಎಂಜಿನ್ ಓಡುವಾಗ 14.1 ವೋಲ್ಟ್, ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಿದೆ. ಆದರೆ ರಾತ್ರಿ 12.6 ಇದ್ದದ್ದು ಬೆಳಿಗ್ಗೆ 12ಕ್ಕೆ ಇಳಿದಿತ್ತು! ಗಾಡಿ ಬಂದ್ ಇದ್ದಾಗಲೂ ಏನೋ ಕರೆಂಟ್ ಎಳೆಯುತ್ತಿದೆ, ಅಲ್ವಾ?

ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ನಡುವೆ ಮೀಟರನ್ನು 10 ಆಂಪ್ ಮೇಲಿಟ್ಟು ಜೋಡಿಸಿದೆ. ಆಗ ಮಾತ್ರ ಕೀಲಿ ತಿರುಗಿಸಬೇಡಿ, ಮೀಟರ್ ಸುಟ್ಟೀತು. 50 ಮಿಲಿಆಂಪ್ ಒಳಗಿದ್ದರೆ ಚಿಂತೆಯಿಲ್ಲ. ನನ್ನದು 3 ಆಂಪ್, ಅಂದರೆ 3000 ಮಿಲಿಆಂಪ್! ಒಂದೊಂದೇ ಫ್ಯೂಸ್ ಕಿತ್ತೆ. ಟೇಪಿನ ಫ್ಯೂಸ್ ತೆಗೆದಾಗ 30 ಮಿಲಿಆಂಪ್‌ಗೆ ಇಳಿಯಿತು. ಟೇಪಿನ ಸದ್ದು ಹೆಚ್ಚಿಸಲು ನಾನು ಹಾಕಿಸಿದ್ದ ಆಂಪ್ಲಿಫೈಯರ್ ಕೀಲಿ ತೆಗೆದರೂ ಚಾಲೂ ಇರುತ್ತಿತ್ತು. ಅದರ ವೈರನ್ನು ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನಿಗೆ ಹಾಕಿಸಿದೆ. ಈಗ ಮೊದಲ ಸೆಲ್ಫ್‌ಗೇ ಏಳುತ್ತದೆ.