ಸ್ಕ್ಯಾನ್ ಸಪ್ಪಗಿದ್ದರೆ ನನಗೆ ಜಾಸ್ತಿ ಭಯ

'ತಲೆನೋವು, ಎಚ್‌ಐವಿ.' ಎಂಆರ್‌ಐ ಚೀಟಿಯಲ್ಲಿ ಇಷ್ಟೇ ಬರೆದಿದ್ದರೆ, ಸ್ಕ್ಯಾನ್ ಓದುವ ವೈದ್ಯನಾದ ನಾನು ಮೊದಲು ವಾರ್ಡಿಗೆ ಫೋನ್ ಮಾಡುತ್ತೇನೆ. ಸಿಡಿ4, ಅಂದರೆ ರೋಗನಿರೋಧಕ ಕಣಗಳ ಲೆಕ್ಕ, ಎಷ್ಟಿದೆ? ಕ್ಷಯ ಯಾವ ಹಂತದಲ್ಲೂ ಬರಬಹುದು. ಆದರೆ 100ಕ್ಕಿಂತ ಕೆಳಗಿದ್ದರೆ ಟಾಕ್ಸೊ ಎಂಬ ಪರಾವಲಂಬಿ, ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಎರಡನ್ನೂ ಹುಡುಕಲೇಬೇಕು.

ಈ ಫೋನಿನ ಚಾಳಿ ಒಂದು ತಪ್ಪಿನಿಂದ ಅಂಟಿಕೊಂಡದ್ದು. ಆಗ ನಾನಿನ್ನೂ ಹೊಸಬ. ಮೂವತ್ತರ ಆಸುಪಾಸಿನ ರೋಗಿ, ಮೂರು ವಾರದಿಂದ ತಲೆನೋವು. ಸ್ಕ್ಯಾನಿನಲ್ಲಿ ಉಂಗುರ ಇಲ್ಲ, ಊತ ಇಲ್ಲ, ಸೋಂಕಿನ ಜಾಗ ಬೆಳಗಿಸುವ ಕಾಂಟ್ರಾಸ್ಟ್ ಔಷಧ ಕೊಟ್ಟರೂ ಏನೂ ಬೆಳಗಲಿಲ್ಲ. ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾದಲ್ಲಿ ಮಾತ್ರ ಎರಡೂ ಕಡೆ ಸಣ್ಣ ಬಿಳಿ ಚುಕ್ಕಿಗಳು. ರಕ್ತನಾಳದ ಸುತ್ತಲಿನ ಜಾಗ ಸ್ವಲ್ಪ ಹಿಗ್ಗಿದೆ, ಚಿಂತೆಯಿಲ್ಲ ಅಂತ ಬರೆದು ಮುಗಿಸಿದೆ.

ಎರಡು ದಿನದ ನಂತರ ಬೆನ್ನುಹುರಿ ನೀರು ತೆಗೆದರು. ಒತ್ತಡ ವಿಪರೀತ. ಇಂಡಿಯಾ ಇಂಕ್ ಎಂಬ ಕಪ್ಪು ಶಾಯಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪು ಹಿನ್ನೆಲೆಯಲ್ಲಿ ಬೆಳ್ಳನೆ ವೃತ್ತಗಳು. ಕ್ರಿಪ್ಟೊಕಾಕಸ್.

ಮತ್ತೆ ಚಿತ್ರ ತೆರೆದು ಕೂತೆ. ಆ ವಯಸ್ಸಿಗೆ ಅಷ್ಟು ಚುಕ್ಕಿ ಇರಬಾರದಿತ್ತು, ಅಲ್ವಾ? ಸೋಪಿನ ನೊರೆಯ ಹಾಗೆ ಒತ್ತೊತ್ತಾಗಿದ್ದವು. ಬರೀ ನೀರಾಗಿದ್ದರೆ ಫ್ಲೇರ್ ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಕಪ್ಪಾಗಬೇಕು. ಇವು ಪೂರ್ತಿ ಕಪ್ಪಾಗಿರಲಿಲ್ಲ. ಈ ಶಿಲೀಂಧ್ರ ರಕ್ತನಾಳಗಳ ಪಕ್ಕದ ಸಂದಿಯಲ್ಲಿ ಇಳಿದು, ತನ್ನ ಲೋಳೆಯಿಂದಲೇ ಅದನ್ನು ಉಬ್ಬಿಸುತ್ತದೆ. ಕಾದಾಡಲು ದೇಹದಲ್ಲಿ ಶಕ್ತಿಯೇ ಇಲ್ಲ, ಹಾಗಾಗಿ ಉರಿಯೂತವೂ ಇಲ್ಲ, ಬೆಳಗುವುದೂ ಇಲ್ಲ. ಸೋಂಕು ಜೋರಾದಷ್ಟೂ ಚಿತ್ರ ಗದ್ದಲ ಮಾಡುತ್ತದೆ ಅಂದುಕೊಂಡಿದ್ದೆ ನಾನು.

ಟಾಕ್ಸೊ ಹಾಗಲ್ಲ, ಗದ್ದಲವೋ ಗದ್ದಲ. ಸುತ್ತ ಊತ, ಹಲವು ಉಂಗುರ, ಕೆಲವೊಮ್ಮೆ ಉಂಗುರದ ಒಳಗೋಡೆಗೆ ಅಂಟಿದ ಒಂದು ಬೊಟ್ಟು. ಆ ಬೊಟ್ಟು ಕಂಡರೆ ಇದು ಟಾಕ್ಸೊನೇ ಅಂತ ನನಗೆ ಅರ್ಧ ಸಮಾಧಾನ. ಕೋ-ಟ್ರೈಮಾಕ್ಸಜೋಲ್ ಶುರು ಮಾಡಿ ಎರಡು ವಾರಕ್ಕೆ ಮತ್ತೆ ಸ್ಕ್ಯಾನ್. ಕುಗ್ಗದಿದ್ದರೆ ಲಿಂಫೋಮಾ ಎಂಬ ಕ್ಯಾನ್ಸರ್ ಇರಬಹುದು, ಬಯಾಪ್ಸಿ ಮಾತು ಬರುತ್ತದೆ. ನಮ್ಮಲ್ಲಿ ಕ್ಷಯದ ಗಂಟನ್ನೂ ಮರೆಯುವಂತಿಲ್ಲ. ಟಿ2 ಎಂಬ ಇನ್ನೊಂದು ಬಗೆಯ ಎಂಆರ್‌ಐ ಚಿತ್ರದಲ್ಲಿ ಅದರ ನಡುಭಾಗ ಕಪ್ಪಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಈಗ ಸಿಡಿ4 ಕಡಿಮೆ ಇದ್ದು, ಚಿತ್ರ ಸಪ್ಪಗಿದ್ದರೆ ರಿಪೋರ್ಟಿನ ಕೊನೆಗೆ 'ಕ್ರಿಪ್ಟೊಕಾಕಲ್ ಆಂಟಿಜೆನ್ ಪರೀಕ್ಷೆ ನೋಡಿ' ಅಂತ ಸೇರಿಸುತ್ತೇನೆ. ಚುಕ್ಕಿ ಇರಲಿ, ಬಿಡಲಿ. 'ಆ ಸಾಲಿಗೆ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಳ್ಳಿ ಸಾರ್' ಅಂತ ವಾರ್ಡಿನ ಹುಡುಗರು ನಗುತ್ತಾರೆ.